ಫೇಲಾಗಿದ್ದಕ್ಕೆ ಕಾಗದ

ಎಸ್ಸೆಸ್ಸೆಲ್ಸಿ ಫೇಲಾದದ್ದು ಒಂದಲ್ಲ ಒಂದು ದಿನ ಉಪಯೋಗಕ್ಕೆ ಬರುತ್ತದೆ ಎಂದು ನಾನು ಕನಸಿನಲ್ಲೂ ಅಂದುಕೊಂಡಿರಲಿಲ್ಲ. ಬಂತು!

ದಾವಣಗೆರೆಯ ಸೀರೆ ಅಂಗಡಿ, ಔಷಧಿ ಅಂಗಡಿ, ಎಂ.ಸಿ.ಸಿ. ಬಡಾವಣೆಯ ಕ್ಲಿನಿಕ್ಕು, ಎಲ್ಲಿ ಕೆಲಸ ಕೇಳಿದರೂ ಒಂದೇ ಮಾತು: "ಮಾರ್ಕ್ಸ್ ಕಾರ್ಡ್ ಐತೇನ್ರಿ?" ಸೀರೆ ಮಡಚುವುದಕ್ಕೂ ಎಸ್ಸೆಸ್ಸೆಲ್ಸಿ ಬೇಕಂತೆ! ಎರಡು ವರ್ಷ ಚಪ್ಪಲಿ ಸವೆಸಿದ ಮೇಲೆ, ವಿದ್ಯಾನಗರದ ಒಂದು ಲೇಡೀಸ್ ಹಾಸ್ಟೆಲ್ಲಿಗೆ ಅಡುಗೆ ಕೆಲಸ ಕೇಳಿಕೊಂಡು ಹೋದೆ. ಹಾಸ್ಟೆಲ್ಲಿನ ಒಡತಿ ಅಮೃತದಂಥ ಮಾತಾಡಿದರು.

"ಪಾಸಾದೋರು ಬ್ಯಾಡ್ರಿ. ಎರಡು ತಿಂಗ್ಳಿಗೆ ಅಂಗಡಿ ಕೆಲಸಕ್ಕೆ ಓಡ್ತಾರೆ. ಫೇಲಾದೋರೇ ಬೇಕು. ಫೇಲಾಗಿದ್ದಕ್ಕೆ ಕಾಗದ ತನ್ರಿ."

ಹರಿಹರದ ತವರಿಗೆ ಓಡಿದೆ. ಅವ್ವ ನನ್ನ ಮಾರ್ಕ್ಸ್ ಕಾರ್ಡನ್ನು ಉಪ್ಪಿನಕಾಯಿ ಭರಣಿಯ ಕೆಳಗೆ ಹಾಸಿದ್ದಳು. ಎಣ್ಣೆ ಕುಡಿದು ಮಿಕ್ಕೆಲ್ಲ ಅಂಕ ಮಾಯ, ಗಣಿತದ ಹನ್ನೊಂದು ಮಾತ್ರ ಫಳಫಳ! ಎದೆಗವಚಿಕೊಂಡು ತಂದೆ.

ತೊಡಕಿದ್ದದ್ದು ಒಂದೇ, ಅತ್ತೆ. "ಹುಡುಗಿ ಎಸ್ಸೆಸ್ಸೆಲ್ಸಿ ಪಾಸು" ಎಂದು ಮದುವೆ ಬ್ರೋಕರ್ ಬಿಟ್ಟ ಸುಳ್ಳನ್ನು, ಓದು ಬಾರದ ಅತ್ತೆ ಹದಿನೆಂಟು ವರ್ಷದಿಂದ ಓಣಿಗೆಲ್ಲ ಹಂಚುತ್ತ ಬಂದಿದ್ದಾರೆ. ನಾನೂ ಒಮ್ಮೆಯೂ ಅಲ್ಲ ಅಂದವಳಲ್ಲ. "ಹಾಸ್ಟೆಲ್ ಹೆಂಗೈತೋ ನಾನೂ ನೋಡ್ತೀನಿ" ಎಂದು ಅವರೂ ಹೊರಟರು. ಹೊರಗೆ ಕೂರಿಸಿದರಾಯಿತು ಎಂದುಕೊಂಡೆ.

ಒಡತಿ ಕಾರ್ಡ್ ನೋಡಿ ಅರಳಿದರು. "ಗಣಿತ ಹನ್ನೊಂದು! ಭೇಷ್! ನಾಳೆನೇ ಬರ್ರಿ."

"ಯಾರ್ ಫೇಲು?" ಬಾಗಿಲಲ್ಲಿ ಅತ್ತೆ ನಿಂತಿದ್ದರು. "ನಮ್ ಸೊಸೆ ಫಸ್ಟ್ ಕ್ಲಾಸು!"

ಪಾಸು ಯಾವಾಗ ಫಸ್ಟ್ ಕ್ಲಾಸಾಯಿತೋ, ನನಗೂ ಹೊಸ ಸುದ್ದಿ.

ಒಡತಿಗೆ ಅನುಮಾನ ಬಂದು ಕಾರ್ಡು, ನಾನು ಕೊಟ್ಟಿದ್ದ ಆಧಾರ್ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಕಾರ್ಡಿನಲ್ಲಿ ಕೊಟ್ರಮ್ಮ, ಆಧಾರ್‌ನಲ್ಲಿ ವೀಣಾ. ಮದುವೆಯಲ್ಲಿ ನನ್ನ ಹೆಸರು ಬದಲಿಸಿದ್ದೂ ಇದೇ ಅತ್ತೆ!

"ಮಂದಿ ಪಾಸಾದೋರ ಕಾರ್ಡ್ ತಂದು ಸುಳ್ಳು ಹೇಳ್ತಾರೆ. ನೀವು ಯಾರೋ ಫೇಲಾದೋರದು ತಂದೀರಲ್ರಿ!"

"ಇಲ್ರೀ ಮೇಡಂ, ನಿಮ್ಮಾಣೆಗೂ ನಾನು ದಡ್ಡಿ! ಬೇಕಾದ್ರೆ ಒಂದು ಲೆಕ್ಕ ಕೇಳ್ರಿ!"

"ಮೂವತ್ತೇಳು ಹುಡುಗೇರು, ತಲೆಗೆ ಮೂರು ಚಪಾತಿ. ಎಷ್ಟು?"

"ನೂರಾ ಹನ್ನೊಂದು" ಎಂದೆ. ಅಷ್ಟಕ್ಕೇ ಬಾಯಿ ಮುಚ್ಚಿದೆನೇ? "ನಾಕು ಜಾಸ್ತಿ ಇರ್ಲಿ, ನೂರಾ ಹದಿನೈದು ಲಟ್ಟಿಸಾಣ್ರಿ. ಹಿಟ್ಟು..."

ಹಿಟ್ಟಿನ ಲೆಕ್ಕ ಮುಗಿಯುವ ಮೊದಲೇ ಒಡತಿ ಕಾರ್ಡನ್ನು ನನ್ನ ಕೈಗೆ ತುರುಕಿದ್ದರು.

ಸಿಟಿ ಬಸ್ಸಿನಲ್ಲಿ ಅಳು ಬಂತು. ಆ ಕೆಲಸ ನನಗೆ ನಿಜವಾಗಿ ಬೇಕಿತ್ತು. ನನ್ನ ಕೈರುಚಿಗೆ ಒಬ್ಬರು ಸಂಬಳ ಕೊಡುತ್ತಾರೆ ಎಂದು ಮೂರು ದಿನದಿಂದ ಹಿಗ್ಗಿದ್ದೆ.

"ಅತ್ತೆಮ್ಮ, ನಾನು ಖರೇನೇ ಫೇಲು" ಎಂದೆ.

"ಸುಮ್ಕಿರು. ಫೇಲಾದೋರು ಹಂಗೆ ಪಟ್ ಅಂತ ಲೆಕ್ಕ ಹೇಳ್ತಾರೇನು? ಇಳಿ, ಆ ಸೀರೆ ಅಂಗ್ಡ್ಯಾಗೆ ನಾನು ಕೇಳ್ತೀನಿ."

ಕೈಹಿಡಿದು ಇಳಿಸಿಯೇ ಬಿಟ್ಟರು. ಅಂಗಡಿಯವರು ಎಂದಿನಂತೆ ಕೇಳಿದರು: "ಮಾರ್ಕ್ಸ್ ಕಾರ್ಡ್ ಐತೇನ್ರಿ?"

"ಯಾಕಿಲ್ಲ, ಕೈಯಾಗೇ ಐತೆ!" ಎಂದ ಅತ್ತೆ ಅದನ್ನು ನನ್ನಿಂದ ಕಿತ್ತುಕೊಂಡು, ಹೆಮ್ಮೆಯಿಂದ ಕೌಂಟರಿನ ಮೇಲೆ ಹರಡಿದರು. ಟ್ಯೂಬ್‌ಲೈಟಿನ ಬೆಳಕಿಗೆ ನನ್ನ ಹನ್ನೊಂದು ಇನ್ನಷ್ಟು ಫಳಫಳಿಸಿತು!