ಪಂಚಕನ್ಯೆಯರಲ್ಲಿ ಐದನೆಯವಳು

ರಿಟೈರಾದ ಮೇಷ್ಟ್ರು ಚಿದಾನಂದರಿಗೆ ಐದನೆಯ ಹೆಸರು ಮರೆತುಹೋಗಿದ್ದು ಬೆಳಿಗ್ಗೆ ಕಡುಬು ತಿನ್ನುವಾಗ. ಹನ್ನೊಂದಕ್ಕೆ ಮಾದಾಪುರದ ಮಹಿಳಾ ಸಂಘದಲ್ಲಿ ಅವರ ಭಾಷಣ. ವಿಷಯ, ಪುರಾಣದ ಪಂಚಕನ್ಯೆಯರು. ಅಹಲ್ಯೆ, ದ್ರೌಪದಿ, ಸೀತೆ, ತಾರೆ... ಅಲ್ಲಿಗೆ ನಾಲಿಗೆ ಕೆಸರಿಗೆ ಸಿಕ್ಕ ಜೀಪಿನ ಚಕ್ರದಂತೆ ನಿಂತಲ್ಲೇ ತಿರುಗತೊಡಗಿತು.

ಹೆಂಡತಿ ಕುಸುಮಾ ಚಟ್ನಿ ಬಡಿಸುತ್ತ, "ನಾನು ಹೇಳ್ಲಾ?" ಅಂದರು.

"ಇದು ಪುರಾಣ ಕಣೆ, ಚಟ್ನಿ ಅಲ್ಲ" ಎಂದುಬಿಟ್ಟರು ಮೇಷ್ಟ್ರು.

ಕುಸುಮಾ ಚಟ್ನಿಯ ಬಟ್ಟಲು ಎತ್ತಿಕೊಂಡು ಒಳಗೆ ಹೋದರು. ಮತ್ತೆ ಕೇಳಲು ಮೇಷ್ಟ್ರಿಗೆ ಮುಖವಿರಲಿಲ್ಲ.

ದಾರಿಯಲ್ಲಿ ಪಕ್ಕದ ಮನೆಯ ಜಯಪ್ಪ ಜೊತೆಯಾದ. ಐದನೆಯವಳು ಸಾವಿತ್ರಿಯೇ ಎಂದು ಆಣೆಯಿಟ್ಟ. ಟೀ ಅಂಗಡಿಯಲ್ಲಿ ಅವಳು ಶಕುಂತಲೆಯಾದಳು, ಬಸ್ ಸ್ಟ್ಯಾಂಡಿನಲ್ಲಿ ಕುಂತಿಯಾದಳು. ಪೇಟೆಯವರೆಲ್ಲ ಸೇರಿ ನೆರವಾದ ಮೇಲೆ ಮೇಷ್ಟ್ರ ತಲೆಯಲ್ಲಿ ನಾಲ್ವರಿದ್ದ ಪಂಚಕನ್ಯೆಯರು ಏಳು ಮಂದಿಯಾಗಿದ್ದರು.

ವೇದಿಕೆಯಲ್ಲಿ ಧೈರ್ಯ ಮಾಡಿ ಸಾವಿತ್ರಿ ಎಂದರು. ಸಭೆ ಗುಸುಗುಟ್ಟಿತು. ಎಸ್ಟೇಟಿನ ಕೆಲಸಕ್ಕೆ ರಜೆ ಹಾಕಿ ಬಂದಿದ್ದ ಸಿದ್ದಿ ಎಂಬಾಕೆ ಹಿಂದಿನಿಂದ ಎದ್ದಳು.

"ಮಂಡೋದರಿ ಅಲ್ವಾ ಮೇಷ್ಟ್ರೇ? ಗಂಡಂಗೆ ಬುದ್ಧಿ ಹೇಳಿದ್ಲು, ಅವ್ನು ಕೇಳಲಿಲ್ಲ."

ಹೇಗೋ ಮಾತು ಮುಗಿಸಿದ ಮೇಷ್ಟ್ರು, ಇದನ್ನೆಲ್ಲ ಅವಳಿಗೆ ಕಲಿಸಿದವರು ಯಾರೆಂದು ಅಧ್ಯಕ್ಷೆ ಲಿಂಗಮ್ಮನನ್ನು ಕೇಳಿದರು. ಕುಸುಮಕ್ಕ, ಪ್ರತಿ ಗುರುವಾರ ಎಂದರು ಲಿಂಗಮ್ಮ. ಗುರುವಾರ ಹೆಂಡತಿ ಹರಟೆಗೆ ಹೋಗುತ್ತಾಳೆಂದೇ ಮೇಷ್ಟ್ರು ತಿಳಿದಿದ್ದರು. ಇವತ್ತಿನ ಭಾಷಣ ಮಾಡಲು ಸಂಘದವರು ಮೊದಲು ಕೇಳಿದ್ದೂ ಕುಸುಮಾರನ್ನೇ ಅಂತೆ.

"ರಿಟೈರಾದ್ಮೇಲೆ ನಮ್ಮನೆಯವ್ರನ್ನ ಯಾರೂ ಕರೀತಿಲ್ಲ, ಅವ್ರನ್ನೇ ಕರೀರಿ ಅಂದ್ರು ಅಕ್ಕ."

ಲಿಂಗಮ್ಮ ಒಂದು ನೀಲಿ ಶಾಲು ಕೈಗಿಟ್ಟು, ಇದನ್ನು ಅಕ್ಕನಿಗೆ ತಲುಪಿಸಿ ಎಂದರು.

ಮನೆ ಮುಟ್ಟುವವರೆಗೂ ಮೇಷ್ಟ್ರು ಕ್ಷಮೆ ಕೇಳುವ ಮಾತನ್ನು ಬಾಯಿಪಾಠ ಮಾಡಿದರು. ಬೆಳಗಿನ ಮಾತಷ್ಟೇ ಅಲ್ಲ, ಮೂವತ್ತು ವರ್ಷಗಳಲ್ಲಿ ಅಂದ ಅಂಥ ಮಾತುಗಳೆಲ್ಲ ಒಂದೊಂದಾಗಿ ಚುಚ್ಚಿದವು. ಬಾಗಿಲಲ್ಲಿ ಶಾಲು ಕಂಡು ಕುಸುಮಾರ ಮುಖ ಅರಳಿತು.

"ನಿಮಗೆ ಹೊದಿಸಿದ್ರಾ?"

ಆ ಸಂತೋಷದೆದುರು ಬಾಯಿಪಾಠವೆಲ್ಲ ಅಳಿಸಿಹೋಯಿತು. "ಹೂಂ" ಅಂದುಬಿಟ್ಟರು.

ಕುಸುಮಾ ಶಾಲು ಬಿಡಿಸಿ ಅವರ ಹೆಗಲಿಗೆ ಹೊದಿಸುತ್ತಿದ್ದಾಗ ಫೋನು ಬಂತು. ಲಿಂಗಮ್ಮನ ದನಿ ಮೇಷ್ಟ್ರಿಗೂ ಕೇಳುವಷ್ಟು ಜೋರಾಗಿತ್ತು: "ಅಕ್ಕಾ, ಶಾಲು ಹಿಡಿಸ್ತಾ? ನಿಮಗೇ ಅಂತ ಆರಿಸಿದ್ದು."

ಕುಸುಮಾ ಗಂಡನ ಮುಖವನ್ನು ಒಂದು ಗಳಿಗೆ ನೋಡಿದರು.

"ತುಂಬಾ ಹಿಡಿಸ್ತು ಕಣಮ್ಮ" ಎಂದು ಫೋನಿಟ್ಟು ಅಡುಗೆಮನೆಗೆ ನಡೆದರು. ಶಾಲನ್ನು ತೆಗೆಯಲೂ ಆಗದೆ, ಹೊದ್ದಿರಲೂ ಆಗದೆ ಮೇಷ್ಟ್ರು ನಡುಮನೆಯಲ್ಲೇ ನಿಂತುಬಿಟ್ಟರು.