ಕಾಕಾನ ಸೀಟಿ, ಭಾಗ್ಯಶ್ರೀಯ ಮೂರು ಸಾಲು

ನಮ್ಮ ಕಾಕಾನ ಹತ್ತಿರ ಮಕ್ಕಳನ್ನು ಪಾಠಕ್ಕೆ ಕಳಿಸುವವರು ಸ್ವಲ್ಪ ವಿಚಾರ ಮಾಡಿ ಕಳಿಸಬೇಕು. ಮಕ್ಕಳು ಕೆಟ್ಟುಹೋಗುತ್ತಾರೆಂದಲ್ಲ. ಸುಧಾರಿಸಿಬಿಡುತ್ತಾರೆ! ಸುಧಾರಿಸಿದ ಒಂದು ಕೂಸನ್ನು ಮನೆಯಲ್ಲಿಟ್ಟುಕೊಂಡು ಬಾಳುವೆ ಮಾಡುವುದು ಎಂಥ ಕಷ್ಟ ಎಂಬುದನ್ನು ನನ್ನನ್ನು ಕೇಳಿ. ನನ್ನ ಮಗಳು ಎರಡು ವರ್ಷದಿಂದ ಅಲ್ಲಿಗೆ ಹೋಗುತ್ತಿದ್ದಾಳೆ.

ಕಾಕಾ ಎಂದರೆ ನನ್ನ ತಂದೆಯ ತಮ್ಮ. ಪಂಡಿತರಲ್ಲ, ಮಾಸ್ತರರೂ ಅಲ್ಲ. ಓದಿದ್ದು ಏಳನೆಯ ಇಯತ್ತೆ. ಮಾಡಿದ್ದು ಮೂವತ್ತು ವರ್ಷ ಬಸ್ಸಿನಲ್ಲಿ ಕಂಡಕ್ಟರಿಕೆ. ಜಮಖಂಡಿ, ಮುಧೋಳ, ಬೀಳಗಿ ಎಂದು ತಿರುಗುತ್ತಿದ್ದ ಕಾಲದಲ್ಲಿ ಹುನ್ನೂರಿನಲ್ಲಿ ದಿನವೂ ಒಬ್ಬ ಸಂಸ್ಕೃತದ ಮಾಸ್ತರರು ಹತ್ತುತ್ತಿದ್ದರಂತೆ. ಅವರ ಬೆನ್ನು ಹತ್ತಿ, ಟಿಕೆಟ್ ಹರಿಯುವುದರ ನಡುನಡುವೆಯೇ ಕಾಕಾ ಸಂಸ್ಕೃತ ಕಲಿತರು, ಹಳೆಗನ್ನಡ ಕಲಿತರು, ಛಂದಸ್ಸನ್ನೂ ಕಲಿತರು. ವಿದ್ಯೆ ತಲೆಗೇರಿದ ಹೊಸತರಲ್ಲಿ ಒಂದು ದಿನ ಬಸ್ಸು ಮುಧೋಳ ಮುಟ್ಟಿದಾಗ, ಬಾಗಿಲಲ್ಲಿ ನಿಂತು ‘ಮುಧೋಳಃ, ಮುಧೋಳೌ, ಮುಧೋಳಾಃ’ ಎಂದು ಕೂಗಿದರಂತೆ. ಗಂಟು ಹಿಡಿದು ಎದ್ದು ನಿಂತಿದ್ದ ಒಬ್ಬ ಮುದುಕಿ ಗಾಬರಿಯಾಗಿ ಕೇಳಿದಳಂತೆ:

“ತಮ್ಮಾ, ನಾ ಯಾವ ಮುಧೋಳದಾಗ ಇಳೀಬೇಕೋ?”

ನಿವೃತ್ತಿಯಾದ ಮೇಲೆ ಅವರು ಬನಹಟ್ಟಿಯ ತಮ್ಮ ಮನೆಯ ಕಟ್ಟೆಯ ಮೇಲೆ ಸಾಲೆ ತೆರೆದರು. ಬೆಳಿಗ್ಗೆ ಆರೂವರೆಗೆ ಹತ್ತು ಹನ್ನೆರಡು ಮಕ್ಕಳು ಬಂದು ಕೂಡುತ್ತಾರೆ. ಶಬ್ದ, ಸಂಧಿ, ಲಘು-ಗುರು, ಷಟ್ಪದಿ ಎಲ್ಲ ಉಂಟು. ಕೈಯಲ್ಲಿ ಛಡಿ ಇಲ್ಲ, ಕೊರಳಲ್ಲಿ ಬಸ್ಸಿನ ಕಾಲದ ಹಳೆಯ ಸೀಟಿ. ಒಂದು ಸಲ ಊದಿದರೆ ತಪ್ಪಾಗಿದೆ, ನಿಲ್ಲು. ಎರಡು ಸಲ ಊದಿದರೆ ಸರಿಯಾಗಿದೆ, ಮುಂದೆ ಹೋಗು. ನಮ್ಮ ಓಣಿಯ ಮಕ್ಕಳು ವಿಭಕ್ತಿಗಳನ್ನು ಸ್ಟಾಪ್‌ಗಳ ಹಾಗೆ ದಾಟಿಕೊಂಡು ಹೋಗುತ್ತಾರೆ. ಷಷ್ಠಿಯಲ್ಲಿ ಬಹಳ ಜನ ಇಳಿದುಬಿಡುತ್ತಾರೆ ಎಂಬುದು ಬೇರೆ ಮಾತು.

ಇಷ್ಟೇ ಆಗಿದ್ದರೆ ಅಡ್ಡಿಯಿರಲಿಲ್ಲ. ಆದರೆ ಕಾಕಾನ ಪ್ರಕಾರ ವ್ಯಾಕರಣ ಬೇರೆ ಅಲ್ಲ, ನಡತೆ ಬೇರೆ ಅಲ್ಲ. ಮಾತ್ರೆ ತಪ್ಪಿದರೆ ಪದ್ಯ ಕುಂಟುತ್ತದೆ, ಮಾತು ತಪ್ಪಿದರೆ ಮನುಷ್ಯ ಕುಂಟುತ್ತಾನೆ ಎನ್ನುತ್ತಾರೆ. ಇದರ ಫಲವನ್ನು ಉಂಡವನು ನಾನು.

ಹೋದ ವರ್ಷ ಮುಧೋಳದಲ್ಲಿ ನನ್ನ ಷಡ್ಡಕನ ಮಗನ ಮದುವೆ. ಮಗಳ ಸಾಲೆಗೆ ಒಂದು ದಿನದ ರಜೆಚೀಟಿ ಬರೆದೆ. ಜಗತ್ತಿನ ಎಲ್ಲ ತಂದೆಯರ ಹಾಗೆ ನಾನೂ ‘ಮಗಳಿಗೆ ಜ್ವರ’ ಎಂದು ಬರೆದೆ. ಅವಳು ಓದಿದಳು, ಮಡಚಿ ಒಯ್ದಳು. ಸಂಜೆ ಮುಖ್ಯ ಶಿಕ್ಷಕಿಯ ಫೋನು ಬಂತು. ನನ್ನ ಸಹಿಯ ಕೆಳಗೆ ಮಗಳು ದುಂಡಗಿನ ಅಕ್ಷರದಲ್ಲಿ ಒಂದು ಸಾಲು ಸೇರಿಸಿದ್ದಳು: ‘ಈ ಜ್ವರವು ನಾಳೆ ಮುಧೋಳದಲ್ಲಿ ಮದುವೆಯ ಊಟವಾದ ಮೇಲೆ ಬಿಡುತ್ತದೆ.’ ಆ ತಾಯಿ ರಜೆಯನ್ನೇನೋ ಕೊಟ್ಟರು. ಫೋನು ಇಡುವಾಗ, ಸರ್ ನಿಮ್ಮ ತಬ್ಬೇತು ಹೇಗಿದೆ ಎಂದು ಕೇಳಿದರು!

ಸಿಟ್ಟಿನಿಂದ ಕಾಕಾನ ಹತ್ತಿರ ದೂರು ಒಯ್ದೆ. ಅವರು ಪೂರ್ತಿ ಕೇಳಿಕೊಂಡು, ಒತ್ತಕ್ಷರ ಎಲ್ಲ ಬರೋಬ್ಬರಿ ಇದ್ದವೋ ಇಲ್ಲವೋ ಎಂದಷ್ಟೇ ವಿಚಾರಿಸಿದರು.

ಇಂಥ ಕಾಕಾ ಈ ಮಳೆಗಾಲದಲ್ಲಿ ಒಂದು ಪೆಟ್ಟು ತಿಂದರು.

ಪಾಠಕ್ಕೆ ಬರುವ ಮಕ್ಕಳಲ್ಲಿ ಚಿಮ್ಮಡದ ಭಾಗ್ಯಶ್ರೀ ಒಬ್ಬಳು. ಆರನೆಯ ಇಯತ್ತೆಯಲ್ಲಿ ನನ್ನ ಮಗಳ ಪಕ್ಕದಲ್ಲೇ ಕೂಡುವವಳು. ಆಡು-ಕುರಿ ಸಾಕಿದ ಮನೆತನ. ಮುಂಜಾನೆಯ ಮೊದಲ ಆಟೋ ಹಿಡಿದು ಬರುತ್ತಾಳೆ. ಮಾತು ಕಡಿಮೆ. ಕಾಕಾ ಒಂದು ದಿನ ಮಕ್ಕಳಿಗೆಲ್ಲ ಅರ್ಧ ಷಟ್ಪದಿ, ಅಂದರೆ ಮೂರೇ ಸಾಲು, ಸ್ವಂತವಾಗಿ ಕಟ್ಟಿಕೊಂಡು ಬರಲು ಹೇಳಿದರು. ಮರುದಿನ ಒಬ್ಬೊಬ್ಬರೂ ಓದಿದ ಹಾಗೆ ಸೀಟಿ ಒಂದೊಂದೇ ಸಲ ಕೂಗುತ್ತ ಹೋಯಿತು. ನನ್ನ ಮಗಳದಂತೂ ಮೊದಲನೆಯ ಶಬ್ದಕ್ಕೇ ನಿಂತಿತು. ಕೊನೆಗೆ ಭಾಗ್ಯಶ್ರೀ ಎದ್ದು ಓದಿದಳು:

ಹುಟ್ಟಿ ಮೂರೇ ದಿವಸದಲ್ಲಿಯೆ
ಕಟ್ಟೆ ಹಾರುವ ಕರಿಯ ಮರಿಯಿದು
ಹೊಟ್ಟೆ ತುಂಬಿದ ಮೇಲೆ ತಾಯಿಯ ಬೆನ್ನನೇರುವುದು

ಸೀಟಿ ಊದಲಿಲ್ಲ. ಕಾಕಾ ಇನ್ನೊಮ್ಮೆ ಓದಿಸಿದರು. ಒಂದು ಮಾತ್ರೆ ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ, ಪ್ರಾಸವೂ ಸರಿ. ಎಲ್ಲಿಂದ ಬರೆದುಕೊಂಡೆ ಎಂದು ಕೇಳಿದರು. ನಂದ ಐತ್ರಿ ಎಂದಳು. ಫೋನಿನಲ್ಲಿ ನೋಡಿದೆಯಾ, ಯಾರಾದರೂ ಹೇಳಿಕೊಟ್ಟರಾ ಎಂದು ತಿರುಗಿ ತಿರುಗಿ ಕೇಳಿದರು. ಅವಳದು ಅದೇ ಉತ್ತರ. ಕದ್ದದ್ದು ಒಂದು ತಪ್ಪು, ಅದರ ಮೇಲೆ ಸುಳ್ಳು ಇನ್ನೊಂದು. ಖರೆ ಹೇಳುವುದಿದ್ದರೆ ಮಾತ್ರ ನಾಳೆ ಬಾ ಎಂದು ಎಲ್ಲರ ಎದುರಿಗೆ ಅಂದುಬಿಟ್ಟರು. ಹುಡುಗಿ ಚೀಲ ಹೆಗಲಿಗೆ ಹಾಕಿಕೊಂಡು ಇಳಿದು ಹೋದಳು. ಮರುದಿನ ಬರಲಿಲ್ಲ, ಅದರ ಮರುದಿನವೂ ಇಲ್ಲ.

ನಾಲ್ಕನೆಯ ದಿನ ನಾನು ಮಗಳನ್ನು ಕರೆತರಲು ಹೋದಾಗ ಕಾಕಾ ಅವಳನ್ನು ಕೇಳುತ್ತಿದ್ದರು, ಭಾಗ್ಯಶ್ರೀ ಸಾಲೆಗಾದರೂ ಬರುತ್ತಾಳೋ ಇಲ್ಲವೋ ಎಂದು. ಬರುತ್ತಾಳೆ ಎಂದ ಮಗಳು ತಡೆದು ತಡೆದು ಹೇಳಿದಳು, ಆ ಪದ್ಯ ಖಂಡಿತ ಭಾಗ್ಯಶ್ರೀಯದೇ. ಊಟದ ಬಿಡುವಿನಲ್ಲಿ ತನ್ನ ಪಕ್ಕ ಕೂತೇ ಕಟ್ಟಿದ್ದಳು. ಮೊದಲು ‘ಗೋಡೆ ಹಾರುವ’ ಎಂದು ಬರೆದು, ಪ್ರಾಸ ಕೂಡುವುದಿಲ್ಲವೆಂದು ಹೊಡೆದುಹಾಕಿ ‘ಕಟ್ಟೆ’ ಮಾಡಿದ್ದನ್ನು ತಾನು ನೋಡಿದ್ದೇನೆ ಎಂದಳು.

ಕಾಕಾನ ಮುಖ ಸಣ್ಣದಾಯಿತು. “ಮತ್ತ ಅವತ್ತ ಯಾಕ ಹೇಳಲಿಲ್ಲವ್ವಾ?”

“ಹಿರ್ಯಾರು ಮಾತಾಡೂ ಮುಂದ ನಡುವ ಬಾಯಿ ಹಾಕಬಾರದು ಅಂತ ನೀವ ಕಲಿಸೀರಲ್ರಿ, ಅಜ್ಜಾ.”

ಕಾಕಾ ಎದ್ದು ಟೋಪಿ ಹಾಕಿಕೊಂಡು, ಬೈಕ್ ತೆಗೆ ಎಂದರು ನನಗೆ. ಅವತ್ತು ಭಾನುವಾರ. ಹುಡುಗಿಯನ್ನು ನಾಳೆ ಇಲ್ಲಿಗೇ ಕರೆಸೋಣ, ಈ ವಯಸ್ಸಿನಲ್ಲಿ ನೀವು ಯಾಕೆ ಎಂದೆ. ತಪ್ಪು ಮಾಡಿದವನು ಯಾರು ಎಂದು ಕೇಳಿದರು.

ಚಿಮ್ಮಡದಲ್ಲಿ ಭಾಗ್ಯಶ್ರೀಯ ಆಯಿ, ಅಂದರೆ ಅಜ್ಜಿ, ಅಂಗಳದಲ್ಲಿ ಆಡುಗಳಿಗೆ ಸೊಪ್ಪು ಕಟ್ಟುತ್ತಿದ್ದಳು. ನಮ್ಮನ್ನು ಕಂಡು ಗಡಬಡಿಸಿ ಕಂಬಳಿ ಹಾಸಿದಳು. ಕಾಕಾ ಕೂಡಲಿಲ್ಲ. ಹುಡುಗಿ ಬಾಗಿಲಿಗೆ ಬಂದು ನಿಂತಳು. ಅಕ್ಕಪಕ್ಕದ ಮನೆಯವರೂ ಇಣುಕಿದರು. ಎಲ್ಲರ ಎದುರಿಗೆ ಕಾಕಾ ಟೋಪಿ ತೆಗೆದು ಕೈ ಮುಗಿದರು.

“ಭಾಗ್ಯವ್ವಾ, ಪದ್ಯ ನಿಂದ. ಸುಳ್ಳ ಆಡಿದಾವ ನಾನು. ನನಗ ಅದು ಬರಾಕ ಎರಡ ವರ್ಷ ಹಿಡಿದಿತ್ತು. ನಿನಗ ಒಂದ ದಿನದಾಗ ಬಂತು ಅಂತ ನನ್ನ ಮನಸ್ಸು ಒಪ್ಪಲಿಲ್ಲ.”

ಆಯಿಗೆ ಏನೂ ತಿಳಿಯಲಿಲ್ಲ. ಹಿರಿಯರು ಕೂಸಿಗೆ ಕೈ ಮುಗಿಯಬಾರದೆಂದು ಅಡ್ಡ ಬಂದಳು. ಹುಡುಗಿ ಒಳಗೆ ಹೋದಳು. ಕಾಕಾ ಕೈ ಮುಗಿದುಕೊಂಡೇ ನಿಂತಿದ್ದರು.

ಅವಳು ನೋಟ್‌ಬುಕ್ ಹಿಡಿದುಕೊಂಡು ಹೊರಗೆ ಬಂದಳು.

“ಉಳದ ಮೂರ ಸಾಲೂ ಬರದೀನ್ರಿ, ಅಜ್ಜಾರ. ಕಡೀ ಸಾಲಿನ್ಯಾಗ ಒಂದ ಮಾತ್ರಿ ಹೆಚ್ಚ ಬರಾಕತ್ತೈತ್ರಿ. ಎಲ್ಲಿ ಅಂತ ತಿಳಿವಲ್ದು.”

ಈ ನಾಲ್ಕು ದಿನ ಆ ಹುಡುಗಿ ಅಳುತ್ತ ಕೂತಿರಬಹುದು ಎಂದುಕೊಂಡಿದ್ದೆ ನಾನು. ಅವಳು ಕೂತು ಬರೆಯುತ್ತಿದ್ದಳು!

ಕಾಕಾ ಕಂಬಳಿಯ ಮೇಲೆ ಕುಳಿತರು. ಅವಳೂ ಕುಳಿತಳು. ಸಾಲನ್ನು ಓದುತ್ತ ಬೆರಳು ಮಡಚತೊಡಗಿದರು. ಎಣಿಕೆ ಎರಡು ಸಲ ತಪ್ಪಿತು. ಭಾಗ್ಯಶ್ರೀ ತನ್ನ ಎಡಗೈಯನ್ನು ಅವರ ಮುಂದೆ ಚಾಚಿದಳು. ಕಾಕಾ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, ಆ ಸಣ್ಣ ಬೆರಳುಗಳ ಗೆಣ್ಣಿನ ಮೇಲೆ ಒಂದೊಂದೇ ಮಾತ್ರೆ ಎಣಿಸತೊಡಗಿದರು.