ಶುಕ್ರನಿಗೆ ಕೊಡೆ ಹಿಡಿದ ಅತ್ತಿಗೆ

ನಮ್ಮ ಅತ್ತಿಗೆಯನ್ನು ಒಬ್ಬರನ್ನೇ ತರಕಾರಿಗೆ ಕಳಿಸಬೇಡಿ! ಆರ್‌ಪಿಸಿ ಲೇಔಟಿನ ಮನೆಯಿಂದ ವಿಜಯನಗರದ ಮಾರ್ಕೆಟ್ಟಿಗೆ ಹೊರಟವರು ಬಾಪೂಜಿ ನಗರದಿಂದ ಫೋನ್ ಮಾಡುತ್ತಾರೆ: "ಲೋ, ಇಲ್ಲಿಂದ ಮನೆಗೆ ಹೆಂಗೋ ಬರೋದು?" ಇಂಥವರ ಕೆಲಸವೇನು ಗೊತ್ತೇ? ಶುಕ್ರಗ್ರಹದ ನಕ್ಷೆ ತೆಗೆಯುವ ನೌಕೆಯ ವಿನ್ಯಾಸ!

ಶುಕ್ರನ ಮೇಲೆ ಸದಾ ದಟ್ಟ ಮೋಡ. ಕ್ಯಾಮೆರಾಗೆ ನೆಲ ಕಾಣದು. ಹಾಗಾಗಿ ರೇಡಾರ್ ಬೇಕು. ಮೇಲಿನಿಂದ ರೇಡಿಯೊ ಅಲೆ ಕಳಿಸಿ, ನೆಲಕ್ಕೆ ಬಡಿದು ಮರಳಿದ್ದನ್ನು ಹಿಡಿದು, ಯಾರೂ ಕಾಲಿಡದ ಬೆಟ್ಟ ಕಣಿವೆಗಳ ಚಿತ್ರ ಮಾಡಬೇಕು. ಇದನ್ನು ಕೇಳಿದ ದಿನ ನಾನು ತೆರೆದ ಬಾಯಿ ಮುಚ್ಚಲು ಮರೆತಿದ್ದೆ.

ಹೋದ ವರ್ಷ ನೌಕೆಯ ತೂಕ ಮಿತಿ ಮೀರಿತು. ಇಳಿಸದಿದ್ದರೆ ರೇಡಾರನ್ನೇ ಕೈಬಿಡುತ್ತೇವೆ ಎಂದರಂತೆ ಮೇಲಿನವರು. ಚಿಂತೆಯಲ್ಲಿ ಅತ್ತಿಗೆ ಊಟ ಬಿಟ್ಟರೆಂದುಕೊಂಡಿರಾ? ಎರಡೆರಡು ಸಲ ಮಾಡಿದರು. ಮೊದಲನೆಯದು ನೆನಪಿರುತ್ತಿರಲಿಲ್ಲ!

ಒಂದು ಭಾನುವಾರ ಬೆಳಿಗ್ಗೆ ಅಮ್ಮನ ಕೊಡೆ ಬಿಚ್ಚಿಕೊಂಡು ತಾರಸಿಯ ನೀರಿನ ಟ್ಯಾಂಕನ್ನು ಸುತ್ತತೊಡಗಿದರು. ಟ್ಯಾಂಕಿನ ಹತ್ತಿರ ಬಂದಾಗ ಕೊಡೆ ಅದರತ್ತ ಓರೆಯಾಗುತ್ತಿತ್ತು. ದೂರ ಸರಿದಾಗ ಅತ್ತಿಗೆ ಕೊಡೆ ಸಮೇತ ಗಿರಕ್ಕನೆ, ತಾರಸಿಯ ಮೂಲೆಯಲ್ಲಿ ನಿಂತಿದ್ದ ನನ್ನತ್ತ ತಿರುಗುತ್ತಿದ್ದರು.

ಪಕ್ಕದ ಮನೆಯ ಆಂಟಿ ಇಣುಕಿದರು. "ಯಾಕಮ್ಮಾ, ಮಳೆ ಇಲ್ವಲ್ಲಾ?"

"ಶುಕ್ರನ ಸುತ್ತ ಇದೀನಿ ಆಂಟಿ, ಒಂದ್ನಿಮಿಷ!"

ಆಂಟಿ ನನ್ನತ್ತ ತಿರುಗಿ ಮೆಲ್ಲಗೆ ಕೇಳಿದರು: "ಡಾಕ್ಟ್ರಿಗೆ ತೋರಿಸಿದ್ರಾ?"

ಅಷ್ಟರಲ್ಲಿ ಅತ್ತಿಗೆ ಕೂಗಿದರು. "ಈ ಕೊಡೆ ಥರ ಒಂದೇ ಆಂಟೆನಾ ಸಾಕು ಕಣೋ! ನೆಲ ನೋಡೋಕೆ ಒಂದು, ಭೂಮಿಗೆ ಸುದ್ದಿ ಕಳ್ಸೋಕೆ ಇನ್ನೊಂದು ಅಂತ ಎರಡು ಆಂಟೆನಾ ಇಟ್ಟಿದ್ವಿ. ಒಂದೇ ಇರ್ಲಿ, ನೌಕೆನೇ ತಿರುಗ್ಲಿ!"

ಮೇಲಿನವರ ಮುಂದೆ ಹೊಸ ತೂಕದ ಲೆಕ್ಕ ಒಪ್ಪಿಸುವ ದಿನ ಸಂಜೆಯವರೆಗೂ ಫೋನಿಲ್ಲ. ನಾನೇ ಮಾಡಿದೆ. "ಏನಾಯ್ತು ಅತ್ತಿಗೆ?"

"ಒಪ್ಕೊಂಡ್ರು ಕಣೋ. ಆದ್ರೆ ನಾನು ಹಾಕ್ಕೊಂಡು ಬಂದಿರೋ ಎರಡು ಚಪ್ಪಲಿನೂ ಎಡಗಾಲಿಂದಂತೆ!"

ಆ ದಿನ ಊಟಕ್ಕೆ ಕೂತಾಗ ಅಮ್ಮ ಕೇಳಿದರು: "ನಿನ್ನ ನೌಕೆ ಹೋಗಿ ವಾಪಸ್ ಯಾವಾಗ ಬರುತ್ತಮ್ಮಾ?"

"ಬರಲ್ಲ ಅತ್ತೆ. ಇಂಧನ ಇರೋವರೆಗೂ ಚಿತ್ರ ಕಳಿಸ್ತಿರುತ್ತೆ. ಆಮೇಲೆ ಅಲ್ಲೇ ಬಿದ್ದು ಸುಟ್ಟುಹೋಗುತ್ತೆ."

ಅಮ್ಮನ ಕೈಯ ಸೌಟು ನಿಂತಿತು. "ಇಷ್ಟು ವರ್ಷ ಕೂತು ಮಾಡಿದ್ದನ್ನ, ಬರಲ್ಲ ಅಂತ ಗೊತ್ತಿದ್ದೂ ಕಳಿಸ್ತೀಯಾ?"

ಅತ್ತಿಗೆ ಹೂಂ ಎಂದು ತಲೆಯಾಡಿಸಿದರು. ರೇಡಾರ್ ಕೈಬಿಡುತ್ತೇವೆಂದಾಗಲೂ ಒದ್ದೆಯಾಗದ ಕಣ್ಣು ತುಂಬಿ ಬಂದಿತ್ತು. ಅಮ್ಮ ಸೊಸೆಯ ತಟ್ಟೆಯನ್ನು ತನ್ನತ್ತ ಎಳೆದುಕೊಂಡು, ಅನ್ನ ಕಲಸಿ, ಮೊದಲ ತುತ್ತನ್ನು ಅತ್ತಿಗೆಯ ಬಾಯಿಗಿಟ್ಟರು.